ಲ್ಯಾಪ್‌ಟಾಪ್ ಪೆಟ್ಟಿಗೆಯ ಮೇಲೆ ಬರೆಯದಿರುವುದು

ಸಿಇಟಿ ಫಲಿತಾಂಶ ಬರುವ ದಿನಗಳಲ್ಲಿ ಬಂಧುಗಳು, ಮಾಜಿ ಸಹೋದ್ಯೋಗಿಗಳು ನನಗೆ ದೂರವಾಣಿ ಕರೆ ಮಾಡಿ ಎರಡು ಪ್ರಶ್ನೆ ಕೇಳುತ್ತಾರೆ. ಮಗುವನ್ನು ಯಾವ ಕಾಲೇಜಿಗೆ ಸೇರಿಸುವುದು? ಯಾವ ಲ್ಯಾಪ್‌ಟಾಪ್ ಕೊಡಿಸುವುದು? ಮೊದಲ ಪ್ರಶ್ನೆಗೆ ರ್‍ಯಾಂಕ್ ಪಟ್ಟಿಯೇ ಉತ್ತರ ಹೇಳಿಬಿಡುತ್ತದೆ. ಎರಡನೆಯದಕ್ಕೆ ಉತ್ತರಿಸಲು ನಾನು ಹಿಂಜರಿಯುತ್ತೇನೆ. ಏಕೆಂದರೆ ಒಮ್ಮೆ ತಪ್ಪು ಉತ್ತರ ಕೊಟ್ಟು, ಅದರ ಬೆಲೆಯನ್ನು ಬೇರೊಬ್ಬರು ತೆತ್ತದ್ದನ್ನು ನೋಡಿದವನು ನಾನು.

2018ರಲ್ಲಿ, ನನ್ನ ನಿವೃತ್ತಿಗೆ ಇನ್ನೊಂದು ವರ್ಷವಿದ್ದಾಗ, ನನ್ನ ಕಚೇರಿಯ ಕಾರು ಚಾಲಕರ ಮಗಳಿಗೆ ಸಿವಿಲ್ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಅವರ ಮನೆತನದಲ್ಲಿ ಪದವಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ಆಕೆ. ತಂದೆ ಭವಿಷ್ಯ ನಿಧಿಯಿಂದ ಮುಂಗಡ ಪಡೆದು, ‘ಸಾರ್, ತಾವೇ ಬಂದು ನೋಡಿ ಕೊಡಿಸಬೇಕು’ ಎಂದರು. ಅಂಗಡಿಯವರು ಹೆಚ್ಚುಕಡಿಮೆ ಒಂದೇ ಬೆಲೆಯ ಎರಡು ಯಂತ್ರಗಳನ್ನು ಮುಂದಿಟ್ಟರು. ಒಂದರ ಮೇಲೆ ಕೋರ್ ಐ7 ಎಂಬ ಚೀಟಿ, ಇನ್ನೊಂದರ ಮೇಲೆ ಐ5. ಐದಕ್ಕಿಂತ ಏಳು ದೊಡ್ಡದು ಎಂಬಷ್ಟು ಲೆಕ್ಕ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಬರುತ್ತದಲ್ಲವೇ! ಐ7 ಕೊಡಿಸಿದೆ.

ಅದು ಏಳನೆಯ ತಲೆಮಾರಿನ ಐ7-7500ಯು ಪ್ರೊಸೆಸರ್. ಅದರಲ್ಲಿರುವುದು ಎರಡೇ ಕೋರ್. ನಾನು ಬೇಡವೆಂದ ಐ5-8250ಯು ಎಂಟನೆಯ ತಲೆಮಾರಿನದು. ಅದರಲ್ಲಿ ನಾಲ್ಕು ಕೋರ್. ಸಾಲದ್ದಕ್ಕೆ ಆ ಐ5 ಯಂತ್ರದಲ್ಲಿ ಎಸ್‌ಎಸ್‌ಡಿ ಇತ್ತು, ನಾನು ಆರಿಸಿದ್ದರಲ್ಲಿ ಹಳೆಯ ಮಾದರಿಯ ಹಾರ್ಡ್‌ಡಿಸ್ಕ್. ‘ಆನ್ ಮಾಡಿ ಸ್ನಾನ ಮುಗಿಸಿ ಬರ್ತೀನಿ ಸಾರ್, ಅಷ್ಟೊತ್ತಿಗೆ ರೆಡಿ ಆಗಿರುತ್ತೆ’ ಎಂದು ಆ ಹುಡುಗಿ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. 2020ರಲ್ಲಿ ತರಗತಿಗಳೆಲ್ಲ ಆನ್‌ಲೈನ್ ಆದಾಗ ಮತ್ತೆ ಹಣ ಖರ್ಚು ಮಾಡಿ ಎಸ್‌ಎಸ್‌ಡಿ ಹಾಕಿಸಬೇಕಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. 2021ರಲ್ಲಿ ವಿಂಡೋಸ್ 11 ಬಂದಾಗ ಇಂಟೆಲ್‌ನ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳನ್ನಷ್ಟೇ, ಒಂದೆರಡು ಅಪವಾದಗಳ ಹೊರತು, ಮಾನ್ಯ ಮಾಡಲಾಯಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲವೂ ಕೊನೆಗೊಂಡಿತು. ನಾನು ತಿರಸ್ಕರಿಸಿದ ‘ಸಣ್ಣ’ ಯಂತ್ರ ಗೆರೆಯ ಈಚೆ ಉಳಿಯಿತು, ಆರಿಸಿದ ‘ದೊಡ್ಡ’ ಯಂತ್ರ ಆಚೆ ಹೋಯಿತು.

ಇಲ್ಲಿ ಅಂಗಡಿಯವರು ಸುಳ್ಳು ಹೇಳಿದರೆನ್ನಲಾಗದು. ಚೀಟಿಯ ಮೇಲಿದ್ದುದು ಸತ್ಯವೇ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಸರಕಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಒಳ್ಳೆಯ ಸರಕಿಗೆ ತಕ್ಕ ಬೆಲೆ ಸಿಗದೆ ಅದು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತದೆ ಎಂಬುದು ಅದರ ತಿರುಳು. ಇಂಥ ಮಾಹಿತಿಯ ಅಸಮಾನತೆಯನ್ನು ಕುರಿತ ಕೆಲಸಕ್ಕಾಗಿ 2001ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಸಂದಿತು. ಲ್ಯಾಪ್‌ಟಾಪ್ ಮಾರುಕಟ್ಟೆಯಲ್ಲಿ ನಡೆಯುತ್ತಿರುವುದು ಇದರದೇ ಇನ್ನೊಂದು ರೂಪ. ಗ್ರಾಹಕನ ಕಣ್ಣಿಗೆ ಬೀಳುವ ಒಂದು ಅಂಕಿಯನ್ನು ದೊಡ್ಡದು ಮಾಡುವುದು, ಕಣ್ಣಿಗೆ ಬೀಳದ ಪರದೆ, ಬ್ಯಾಟರಿ, ಶಾಖ ಹೊರಹಾಕುವ ಫ್ಯಾನುಗಳಲ್ಲಿ ಉಳಿತಾಯ ಮಾಡುವುದು.

ಹೆಸರಿಡುವ ಪದ್ಧತಿಯೂ ಇದಕ್ಕೆ ಅನುಕೂಲವಾಗಿದೆ. ಎಎಂಡಿಯ ರೈಜನ್ 5 7520ಯು ಎಂಬುದನ್ನು ನೋಡಿ. ಆರಂಭದ 7 ಅದು 2023ರ ಸಾಲಿನದೆಂದು ಸೂಚಿಸುತ್ತದೆ. ಒಳಗಿನ ವಿನ್ಯಾಸವಾದರೋ 2019ರಲ್ಲಿ ಬಂದ ಝೆನ್ 2. ಆ ಗುಟ್ಟು ಮೂರನೆಯ ಅಂಕಿಯಲ್ಲಿದೆ. ಮೂರನೆಯ ಅಂಕಿಯನ್ನು ಓದಬೇಕೆಂದು ಯಾವ ತಂದೆತಾಯಿಗೆ ಗೊತ್ತಿರುತ್ತದೆ?

ನನ್ನ ಸೇವಾವಧಿಯಲ್ಲಿ ಕಂಪ್ಯೂಟರ್ ಖರೀದಿಯ ಸಮಿತಿಯೊಂದರಲ್ಲಿದ್ದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಅಧಿನಿಯಮ, 1999 ನಮಗೆಲ್ಲ ಕಂಠಪಾಠ. ನಿರ್ದಿಷ್ಟಪಡಿಸಿದ ಗುಣಲಕ್ಷಣಗಳಿಗೆ ಹೊಂದುವ ಅತಿ ಕಡಿಮೆ ದರದವರಿಗೆ ಆದೇಶ. ನಾವು ಪ್ರೊಸೆಸರ್‌ನ ಹೆಸರನ್ನಷ್ಟೇ ಬರೆದು ತಲೆಮಾರನ್ನು ಬಿಟ್ಟೆವು. ನಿಯಮಕ್ಕೆ ಅಕ್ಷರಶಃ ಹೊಂದುವ, ಗೋದಾಮಿನಲ್ಲಿ ಉಳಿದಿದ್ದ ಹಳೆಯ ಸರಕು ಬಂತು. ಲೆಕ್ಕಪರಿಶೋಧನೆಯಲ್ಲಿ ಒಂದು ಆಕ್ಷೇಪವೂ ಬರಲಿಲ್ಲ. ಒಂದು ಸರ್ಕಾರಿ ಸಮಿತಿಯೇ ಎಡವುವ ಜಾಗದಲ್ಲಿ ಕುಟುಂಬವೊಂದು ಎಡವದೆ ನಡೆಯಬೇಕೆಂದು ನಿರೀಕ್ಷಿಸುವುದು ಎಷ್ಟು ಸರಿ?

ಆದರೂ ಮನೆಯವರು ಮಾಡಬಹುದಾದದ್ದು ಒಂದಿದೆ. ಅಂಗಡಿಗೆ ಹೋಗುವ ಮೊದಲು ಯಂತ್ರ ಮಾಡಬೇಕಾದ ಕೆಲಸವನ್ನು ಕಾಗದದ ಮೇಲೆ ಬರೆದುಕೊಳ್ಳುವುದು. ಬಿ.ಕಾಂ. ವಿದ್ಯಾರ್ಥಿಗೆ, ಪತ್ರ ಮತ್ತು ಲೆಕ್ಕಪಟ್ಟಿಗಳ ಕಚೇರಿ ಕೆಲಸಕ್ಕೆ, ನನ್ನಂತೆ ಲೇಖನ ಬರೆಯುವ ನಿವೃತ್ತರಿಗೆ ಹೊಸ ತಲೆಮಾರಿನ ಐ3 ಧಾರಾಳವಾಗಿ ಸಾಕು; 2022ರ ಐ3-1215ಯುನಲ್ಲಿ ಆರು ಕೋರ್‌ಗಳಿವೆ. ಉಳಿದ ಹಣವನ್ನು 16 ಜಿಬಿ ಮೆಮೊರಿಗೆ, ಹಗುರವಾದ ಮೈಗೆ, ಒಳ್ಳೆಯ ಕೀಲಿಮಣೆಗೆ ಹಾಕುವುದು ಲೇಸು. ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆಯೇ, ಮುಂದೆ ಸೇರಿಸಲು ಜಾಗವಿದೆಯೇ ಎಂದು ಕೇಳಲೇಬೇಕು. 2025ರ ಕೊನೆಯಿಂದ ಮೆಮೊರಿ ಬೆಲೆ ಏರಿರುವುದರಿಂದ 8 ಜಿಬಿಯಲ್ಲೇ ಕೈ ತೊಳೆದುಕೊಳ್ಳುವ ಆಸೆ ಮಾರುವವರಿಗೂ ಕೊಳ್ಳುವವರಿಗೂ ಸಹಜ.

ಸಿವಿಲ್, ಆರ್ಕಿಟೆಕ್ಚರ್, ಮೆಕ್ಯಾನಿಕಲ್ ಓದುವವರ ಪಾಡು ಬೇರೆ. ರೆವಿಟ್, ಸಾಲಿಡ್‌ವರ್ಕ್ಸ್‌ನಂಥ ತಂತ್ರಾಂಶಗಳು ವಿಂಡೋಸ್‌ಗಾಗಿಯೇ ಇರುವಂಥವು. ಆಪಲ್‌ನ ಮ್ಯಾಕ್‌ಬುಕ್ ಎಷ್ಟೇ ಸೊಗಸಾಗಿದ್ದರೂ ಮೂರನೆಯ ಸೆಮಿಸ್ಟರ್‌ನಲ್ಲಿ ಕಷ್ಟ ಕೊಟ್ಟೀತು. ಛಾಯಾಚಿತ್ರ, ವಿನ್ಯಾಸದ ಕೆಲಸ ಮಾಡುವವರು ಪ್ರೊಸೆಸರ್‌ಗಿಂತ ಮೊದಲು ಪರದೆಯನ್ನು ನೋಡಬೇಕು. ‘ಶೇ 45 ಎನ್‌ಟಿಎಸ್‌ಸಿ’ ಎಂದಿದ್ದರೆ ಅದು ಬಣ್ಣಗಳನ್ನು ಪೂರ್ತಿ ತೋರಿಸದ ಪರದೆ. ಕೇಳಬೇಕಾದದ್ದು ‘ಶೇ 100 ಎಸ್‌ಆರ್‌ಜಿಬಿ’. ಇಲ್ಲದಿದ್ದರೆ ಮದುವೆಯ ಆಲ್ಬಮ್‌ನಲ್ಲಿ ರೇಷ್ಮೆ ಸೀರೆಯ ಬಣ್ಣ ಒಂದು, ಪರದೆಯಲ್ಲಿ ಕಂಡದ್ದು ಇನ್ನೊಂದು.

ಗೇಮಿಂಗ್ ಯಂತ್ರದ ವಿಚಾರದಲ್ಲಿ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಒಂದು ಸಣ್ಣ ನಾಟಕ ನಡೆಯುತ್ತದೆ. ‘ಪ್ರಾಜೆಕ್ಟಿಗೆ ಬೇಕು’ ಎನ್ನುತ್ತಾನೆ ಮಗ. ನಂಬಿದಂತೆ ನಟಿಸುತ್ತಾರೆ ಅಪ್ಪ. ಆಟವಾಡುವುದು ಅಪರಾಧವೇನಲ್ಲ, ಬಾಯಿಬಿಟ್ಟು ಹೇಳಿಬಿಟ್ಟರೆ ಲೆಕ್ಕ ಸುಲಭ. ಎರಡೂವರೆ ಕಿಲೋ ಯಂತ್ರ, ಇಟ್ಟಿಗೆಯಂಥ ಚಾರ್ಜರ್ ಹೊತ್ತು ಬಿಎಂಟಿಸಿ ಬಸ್ಸಿನಲ್ಲಿ ನಿಂತು ಹೋಗಲು ಸಿದ್ಧನೇ ಎಂದಷ್ಟೇ ಕೇಳಬೇಕು. ಇಲ್ಲಿಯೂ ಹೆಸರು ಮೋಸ ಮಾಡುತ್ತದೆ. ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಗ್ರಾಫಿಕ್ಸ್ ಚಿಪ್ ಲ್ಯಾಪ್‌ಟಾಪ್ ತಯಾರಕರ ಇಚ್ಛೆಯಂತೆ 35 ವಾಟ್‌ನಿಂದ 115 ವಾಟ್‌ವರೆಗೆ ಎಷ್ಟರಲ್ಲಾದರೂ ಕೆಲಸ ಮಾಡಬಹುದು. ತೆಳ್ಳಗಿನ ಯಂತ್ರದಲ್ಲಿ ಅದು ಕುಂಟಿದರೆ ಯಾರನ್ನು ಕೇಳುವುದು?

ಸರ್ಕಾರ ಈ ಮಾರುಕಟ್ಟೆಯಿಂದ ದೂರ ನಿಂತಿದೆ ಎನ್ನುವಂತಿಲ್ಲ. ಲ್ಯಾಪ್‌ಟಾಪ್ ಮೇಲೆ ಶೇ 18 ಜಿಎಸ್‌ಟಿ ಇದೆ. ಸುರಕ್ಷತೆಗಾಗಿ ಬಿಐಎಸ್ ನೋಂದಣಿ ಕಡ್ಡಾಯ. 2023ರ ಆಗಸ್ಟ್‌ನಲ್ಲಿ ಆಮದಿಗೆ ಪರವಾನಗಿ ಬೇಕೆಂದು ಹೊರಡಿಸಿದ ಅಧಿಸೂಚನೆ ಗದ್ದಲವೆಬ್ಬಿಸಿ, ಬಳಿಕ ಆನ್‌ಲೈನ್ ಆಮದು ನಿರ್ವಹಣಾ ವ್ಯವಸ್ಥೆಯಾಗಿ ಮೃದುವಾಯಿತು. ಅಂದರೆ ಯಂತ್ರ ಎಲ್ಲಿಂದ ಬಂತೆಂಬ ಕುತೂಹಲ ಸರ್ಕಾರಕ್ಕಿದೆ. ಒಳಗೇನಿದೆ ಎಂಬುದನ್ನು ಕೊಳ್ಳುವವನಿಗೆ ತಿಳಿಸಬೇಕೆಂಬ ಕಾಳಜಿ ಇಲ್ಲ. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಅದರೊಳಗೆ ಏನೇನಿದೆ ಎಂದು ಮುದ್ರಿಸಲೇಬೇಕು. ಅರವತ್ತು ಸಾವಿರದ ಯಂತ್ರದ ಪೆಟ್ಟಿಗೆಯ ಮೇಲೆ ಪ್ರೊಸೆಸರ್ ವಿನ್ಯಾಸದ ವರ್ಷ, ಪರದೆಯ ಬಣ್ಣವ್ಯಾಪ್ತಿ, ಗ್ರಾಫಿಕ್ಸ್‌ನ ವಾಟ್, ಮೆಮೊರಿ ಹೆಚ್ಚಿಸಬಹುದೇ ಎಂಬ ನಾಲ್ಕು ಸಾಲು ಮುದ್ರಿಸುವುದು ಯಾವ ತಯಾರಕನಿಗೂ ಹೊರೆಯಾಗದು. ಫ್ರಾನ್ಸ್ 2021ರ ಜನವರಿಯಿಂದಲೇ ಲ್ಯಾಪ್‌ಟಾಪ್ ಸೇರಿದಂತೆ ಕೆಲವು ವಸ್ತುಗಳನ್ನು ರಿಪೇರಿ ಮಾಡುವುದು ಎಷ್ಟು ಸುಲಭವೆಂದು ಹತ್ತಕ್ಕೆ ಅಂಕ ಕೊಟ್ಟು ಪ್ರಕಟಿಸುವುದನ್ನು ಕಡ್ಡಾಯ ಮಾಡಿದೆ. ಸರಕಿನ ಗುಣಮಟ್ಟವನ್ನು ತಿಳಿಯುವುದು ಗ್ರಾಹಕನ ಹಕ್ಕೆಂದು ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಅದನ್ನು ಪೆಟ್ಟಿಗೆಯ ಮೇಲಿನ ನಾಲ್ಕು ಸಾಲುಗಳನ್ನಾಗಿ ಇಳಿಸುವ ನಿಯಮ ಬೇಕಾಗಿದೆ.

ಆ ಚಾಲಕರ ಮಗಳು ಈಗ ಕೆಲಸದಲ್ಲಿದ್ದಾಳೆ. ಇತ್ತೀಚೆಗೆ ಡಿಪ್ಲೊಮಾ ಸೇರಿದ ತಮ್ಮನನ್ನು ಕರೆದುಕೊಂಡು ಲ್ಯಾಪ್‌ಟಾಪ್ ಕೊಳ್ಳಲು ಹೋಗಿದ್ದಳಂತೆ. ಪ್ರೊಸೆಸರ್‌ನ ಪೂರ್ಣ ಸಂಖ್ಯೆಯನ್ನು, ಮೆಮೊರಿ ಸೇರಿಸಬಹುದೆಂಬುದನ್ನು ಕೊಟೇಶನ್‌ನಲ್ಲಿ ಬರೆದುಕೊಡಿ ಎಂದಾಗ, ‘ಇದನ್ನೆಲ್ಲ ಯಾರೂ ಕೇಳಲ್ಲ ಮೇಡಂ’ ಎಂದರಂತೆ. ಎದ್ದು ಬಂದಳು. ಮೂರನೆಯ ಅಂಗಡಿಯಲ್ಲಿ ಬರೆದುಕೊಟ್ಟರು. ಕೊಂಡಾದ ಮೇಲೆ ನನಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಈ ಸಲ ನನ್ನ ಸಲಹೆ ಕೇಳಿರಲಿಲ್ಲ.