ಗಾಜಿಗೆ ಎಷ್ಟು ಬೆಂಕಿ ಬೇಕು?

ಕಣ್ಣೆದುರೇ ಗಾಜಿನ ಕಡ್ಡಿಯೊಂದು ಮೆತ್ತಗಾಗಿ, ಬಾಗಿ, ಕುದುರೆಯೋ ಮೀನೋ ಆಗಿ ನಿಲ್ಲುವುದನ್ನು ನೋಡಿದ ಮಕ್ಕಳು ಅದನ್ನು ಬೇಗ ಮರೆಯುವುದಿಲ್ಲ. ಕೆಲವರು ಮನೆಗೆ ಬಂದು 'ಅಪ್ಪಾ, ನನಗೊಂದು ಟಾರ್ಚ್ ಕೊಡಿಸಿ' ಎಂದು ಹಟ ಹಿಡಿಯುವುದೂ ಉಂಟು. ಬ್ಯಾಟರಿ ಹಾಕುವ ಟಾರ್ಚ್ ಎಂದುಕೊಂಡು ಅಪ್ಪ ತಲೆಯಾಡಿಸಿದರೆ ಕೆಟ್ಟ! ಇದು ಗ್ಯಾಸ್ ಮತ್ತು ಆಮ್ಲಜನಕ ಬೆರೆತು ಉರಿಯುವ ಬರ್ನರ್. ಬೆಲೆಯೂ ಹೆಚ್ಚು, ಅಪಾಯವೂ ಇದೆ. ತಪ್ಪು ಬರ್ನರ್ ಕೊಂಡರೆ ದುಡ್ಡು ಹೋಗುವುದಿರಲಿ, 'ನನ್ನ ಕೈಗೆ ಈ ವಿದ್ಯೆ ಹತ್ತುವುದಿಲ್ಲ' ಎಂದು ಮಗು ಕೈಚೆಲ್ಲಿ ಕೂರುತ್ತದೆ. ದೋಷ ಕೈಯದಲ್ಲ, ಬೆಂಕಿಯದು ಎಂದು ಹೇಳುವವರು ಹತ್ತಿರದಲ್ಲಿ ಇರುವುದಿಲ್ಲ.

ಮೊದಲು ಗಾಜಿನ ಮಾತು. ಬಳೆ, ಬಾಟಲಿ, ಕಿಟಕಿಗಳದ್ದು ಸೋಡಾ-ಸುಣ್ಣದ ಗಾಜು. ಪ್ರಯೋಗಶಾಲೆಯ ಬೀಕರು, ಪ್ರನಾಳಗಳದ್ದು ಬೋರೊಸಿಲಿಕೇಟ್. ಇದರಲ್ಲಿ ಶೇ 80ರಷ್ಟು ಸಿಲಿಕಾ, ಶೇ 12-13ರಷ್ಟು ಬೋರಾನ್ ಆಕ್ಸೈಡ್. ಜರ್ಮನಿಯ ಆಟೊ ಷಾಟ್ 19ನೇ ಶತಮಾನದ ಕೊನೆಯಲ್ಲಿ ರೂಪಿಸಿದ ಈ ಗಾಜು, 1915ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪೆನಿಯ 'ಪೈರೆಕ್ಸ್' ಆಗಿ ಅಡುಗೆಮನೆಗೂ ಬಂತು. ಬಿಸಿಗೆ ಇದು ಹಿಗ್ಗುವುದು ಸಾಮಾನ್ಯ ಗಾಜಿನ ಮೂರನೇ ಒಂದು ಭಾಗದಷ್ಟು ಮಾತ್ರ. ಹಾಗಾಗಿ ಒಂದು ಕಡೆ ಕಾಯುತ್ತಾ ಇನ್ನೊಂದು ಕಡೆ ಆರುತ್ತಿದ್ದರೂ ಸುಲಭವಾಗಿ ಸೀಳುವುದಿಲ್ಲ. ಶಿಲ್ಪ ಮಾಡುವವರಿಗೆ ಇದು ವರ.

ಆದರೆ ವರದ ಜೊತೆ ಒಂದು ಷರತ್ತೂ ಇದೆ. ಈ ಗಾಜು ಮೆತ್ತಗಾಗಲು ಶುರುವಾಗುವುದೇ ಸುಮಾರು 820 ಡಿಗ್ರಿ ಸೆಲ್ಸಿಯಸ್‌ಗೆ. ಜೇನಿನಂತೆ ಹರಿದು ಕೈಯ ಮಾತು ಕೇಳಬೇಕಾದರೆ 1250 ಡಿಗ್ರಿ ದಾಟಬೇಕು. ಗಾಳಿಯ ನೆರವಿನಿಂದಷ್ಟೇ ಉರಿಯುವ ಗ್ಯಾಸ್ ಜ್ವಾಲೆಗೆ ಇಲ್ಲಿ ಉಸಿರು ಕಟ್ಟುತ್ತದೆ. ತೆಳ್ಳನೆಯ ಕಡ್ಡಿಯನ್ನು ಹೇಗೋ ಬಾಗಿಸೀತು, ಅಷ್ಟೆ. ಶುದ್ಧ ಆಮ್ಲಜನಕ ಕೊಟ್ಟರೆ ಪ್ರೊಪೇನ್ ಜ್ವಾಲೆ 2800 ಡಿಗ್ರಿಯ ಆಸುಪಾಸಿಗೆ ಏರುತ್ತದೆ.

ಹಾಗಿದ್ದರೆ ದೊಡ್ಡ ಬರ್ನರನ್ನೇ ಕೊಂಡರಾಯಿತಲ್ಲ? ಹೆಚ್ಚಿನವರು ಎಡವುವುದು ಇಲ್ಲೇ. ಗಾಜು ಶಾಖವನ್ನು ಒಳಕ್ಕೆ ಸಾಗಿಸುವುದರಲ್ಲಿ ಮಹಾ ಸೋಮಾರಿ. ಭರ್ರೆನ್ನುವ ಬೆಂಕಿಗೆ ದಪ್ಪ ಕಡ್ಡಿಯನ್ನು ಒಡ್ಡಿದರೆ ಮೇಲ್ಮೈ ಕುದಿದು ಗುಳ್ಳೆ ಏಳುತ್ತದೆ, ತಿರುಳು ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಹದವಾದ ಬೆಂಕಿಯಲ್ಲಿ ತಿರುಗಿಸುತ್ತಾ ಕಾಯಿಸಿದರೆ ಬಿಸಿ ನಿಧಾನವಾಗಿ ಒಳಗಿಳಿಯುತ್ತದೆ. ದಪ್ಪ ರೊಟ್ಟಿಯನ್ನು ಜೋರು ಉರಿಯಲ್ಲಿ ಬೇಯಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶಿಲ್ಪದ ಕೆಲಸಕ್ಕೆ ಇನ್ನೊಂದು ತೊಡಕು. ಫ್ಲಾಸ್ಕ್ ಮಾಡುವವನ ಕೈಯಲ್ಲಿರುವುದು ತೆಳು ಗೋಡೆಯ ಕೊಳವೆ. ಅದನ್ನು ಸಮನಾಗಿ ತಿರುಗಿಸುತ್ತಾ ಹೋದರಾಯಿತು. ಕುದುರೆ ಮಾಡುವವನ ಪಾಡು ಹಾಗಲ್ಲ. ನಾಲ್ಕನೇ ಕಾಲು ಅಂಟಿಸುವ ಹೊತ್ತಿಗೆ ಮೊದಲ ಕಾಲು ಆರತೊಡಗಿರುತ್ತದೆ. ಕಿವಿ ತಿದ್ದಲು ಸೂಜಿಯಂಥ ಜ್ವಾಲೆ ಬೇಕು, ಮರುಕ್ಷಣವೇ ಇಡೀ ಮೈಯನ್ನು ಬೆಚ್ಚಗಿಡಲು ಪೊದೆಯಂತೆ ಹರಡಿದ ಮೃದು ಜ್ವಾಲೆ ಬೇಕು. ಒಂದು ಕೈಯಲ್ಲಿ ಗಾಜು ಹಿಡಿದೇ ಇನ್ನೊಂದು ಕೈಯಿಂದ ತಿರುಪು ತಿರುಗಿಸಿ ಈ ಎರಡನ್ನೂ ಪಡೆಯುವಂತಿರಬೇಕು. ಅಂಗಡಿಯವನು ಜ್ವಾಲೆ ಎಷ್ಟು ಉದ್ದ ಬರುತ್ತದೆಂದು ತೋರಿಸಿದರೆ, ಎಷ್ಟು ಚಿಕ್ಕದಾಗುತ್ತದೆಂದು ಕೇಳುವುದು ಜಾಣತನ.

ಬರ್ನರುಗಳಲ್ಲಿ ಎರಡು ಜಾತಿ. ಒಂದರಲ್ಲಿ ಗ್ಯಾಸ್ ಮತ್ತು ಆಮ್ಲಜನಕ ಹೊಟ್ಟೆಯೊಳಗೇ ಬೆರೆತು ಬರುತ್ತವೆ. ಇದರ ಜ್ವಾಲೆ ಚೂಪು, ಸದ್ದು ಜೋರು. ತೀರಾ ತಗ್ಗಿಸಿದರೆ 'ಟಪ್' ಎಂದು ಬೆಂಕಿ ಒಳಕ್ಕೆ ನುಗ್ಗಬಹುದು. ಇನ್ನೊಂದರಲ್ಲಿ ಎರಡೂ ಬೇರೆ ಬೇರೆ ರಂಧ್ರಗಳಿಂದ ಹೊರಬಂದು ಮುಖದ ಮೇಲೆಯೇ ಬೆರೆಯುತ್ತವೆ. ಇದು ಶಾಂತ. ಜ್ವಾಲೆಯನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು, ಕುಗ್ಗಿಸಬಹುದು. ಕಲಿಯುವವರಿಗೆ ಮೇಜಿಗೆ ಬಿಗಿಯುವ ಈ ಎರಡನೆಯ ಜಾತಿಯೇ ಲೇಸು. ಕೆನಡಾದ ನಾರ್ಟೆಲ್ ಕಂಪೆನಿಯ 'ಮೈನರ್' ಇಂಥದ್ದು. ಅಮೆರಿಕದ ಕಾರ್ಲೈಲ್, ಬೆತ್ಲೆಹೆಮ್ ಕಂಪೆನಿಗಳ ದೊಡ್ಡ ಬರ್ನರುಗಳಲ್ಲಿ ನಡುವಿನ ಜ್ವಾಲೆಗೊಂದು, ಹೊರಸುತ್ತಿಗೊಂದು ಎಂದು ಪ್ರತ್ಯೇಕ ತಿರುಪುಗಳಿರುವ ಮಾದರಿಗಳಿವೆ. ಮುಷ್ಟಿಗಾತ್ರದ ಶಿಲ್ಪಕ್ಕೆ ಕೈಹಾಕುವ ಕಾಲಕ್ಕೆ ಅವು ಬೇಕಾಗುತ್ತವೆ, ಮೊದಲ ವರ್ಷ ಖಂಡಿತ ಅಲ್ಲ.

ಇನ್ನು ಲೆಕ್ಕ. ಒಂದು ಲೀಟರ್ ಪ್ರೊಪೇನ್ ಪೂರ್ತಿ ಉರಿಯಲು ಐದು ಲೀಟರ್ ಆಮ್ಲಜನಕ ಬೇಕೆಂದು ರಸಾಯನ ವಿಜ್ಞಾನ ಓದುವವರು ಸಮೀಕರಣ ಬರೆದೇ ಹೇಳಬಲ್ಲರು. 2021ರ ಕೋವಿಡ್ ಅಲೆಯಲ್ಲಿ ಮನೆಮಾತಾದ ಆಕ್ಸಿಜನ್ ಕಾನ್ಸಂಟ್ರೇಟರ್ ನಿಮಿಷಕ್ಕೆ 5 ಲೀಟರ್ ಕೊಡುತ್ತದೆ. ಅಂದರೆ ನಿಮಿಷಕ್ಕೆ ಒಂದು ಲೀಟರ್ ಗ್ಯಾಸ್. ಸಿಗುವ ಶಾಖ ಒಂದೂವರೆ ಕಿಲೋವ್ಯಾಟ್‌ನಷ್ಟು, ಬಕೆಟ್ಟಿನ ನೀರು ಕಾಯಿಸುವ ಕಾಯಿಲ್‌ನಷ್ಟು. ಮೈನರ್‌ನಂಥ ಚಿಕ್ಕ ಬರ್ನರಿಗೆ ಇದು ಸಾಕು, ಬೆರಳುಗಾತ್ರದ ಶಿಲ್ಪಗಳು ಸಲೀಸು. ನಿಮಿಷಕ್ಕೆ 20 ಲೀಟರ್ ಕುಡಿಯುವ ಬರ್ನರ್ ತಂದರೋ, 7 ಘನ ಮೀಟರಿನ ಸಿಲಿಂಡರ್ ಆರು ಗಂಟೆಯೊಳಗೆ ಖಾಲಿ! ಬರ್ನರ್ ಒಂದು ಸಲದ ಖರ್ಚು, ಆಮ್ಲಜನಕ ಪ್ರತಿವಾರದ ಖರ್ಚು. ದೊಡ್ಡ ಬರ್ನರಿಗೆ ಸಾಲದಷ್ಟು ಆಮ್ಲಜನಕ ಕೊಟ್ಟರೆ ಜ್ವಾಲೆ ಹಳದಿಗೆ ತಿರುಗಿ ಮಸಿ ಕೂರುತ್ತದೆ, ಬಣ್ಣದ ಗಾಜು ಮಂಕಾಗುತ್ತದೆ.

ಚಿಕ್ಕ ಬೆಂಕಿಯಿಂದ ಏನು ಸಾಧ್ಯ ಎಂದು ಮೂಗು ಮುರಿಯುವವರು ಹಾರ್ವರ್ಡ್ ವಿಶ್ವವಿದ್ಯಾಲಯದ ಗಾಜಿನ ಹೂಗಳ ಕತೆ ಕೇಳಬೇಕು. ಡ್ರೆಸ್ಡೆನ್ ಬಳಿಯ ತಂದೆ-ಮಗ ಲಿಯೋಪೋಲ್ಡ್ ಮತ್ತು ರುಡಾಲ್ಫ್ ಬ್ಲಾಷ್ಕಾ 780 ಜಾತಿಯ ಸಸ್ಯಗಳನ್ನು ತೋರಿಸುವ ಸುಮಾರು 4,300 ಮಾದರಿಗಳನ್ನು ಮಾಡಿದರು. ಈ ಕೆಲಸ 1936ರವರೆಗೂ ನಡೆಯಿತು. ಅವರದ್ದು ಬೇಗ ಕರಗುವ ಮೃದು ಗಾಜು, ನಿಜ. ಆದರೆ ಸಲಕರಣೆ? ಮೇಜಿನ ಮೇಲೊಂದು ದೀಪ, ಕಾಲಿನಿಂದ ಒತ್ತುವ ತಿದಿ, ಒಂದಿಷ್ಟು ಇಕ್ಕಳ.

ತಂದೆ ತಾಯಿ ಗಟ್ಟಿಯಾಗಿ ನಿಲ್ಲಬೇಕಾದ ವಿಷಯ ಸುರಕ್ಷತೆ. ಅಡುಗೆಮನೆಯ 14.2 ಕಿಲೋ ಸಿಲಿಂಡರನ್ನು ಈ ಕೆಲಸಕ್ಕೆ ತಿರುಗಿಸುವಂತಿಲ್ಲ, ಕಾನೂನು ಒಪ್ಪುವುದಿಲ್ಲ. ವಾಣಿಜ್ಯ ಬಳಕೆಯ ಸಿಲಿಂಡರ್ ತರಬೇಕು, ಅದನ್ನು ಕೋಣೆಯ ಹೊರಗಿಡಬೇಕು. ಸೋರಿದ ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ನೀರಿನಂತೆ ಹರಡಿಕೊಳ್ಳುತ್ತದೆ. ಎರಡೂ ಕೊಳವೆಗಳಿಗೆ ಬೆಂಕಿ ಹಿಂದಕ್ಕೆ ಹೋಗದಂತೆ ತಡೆಯುವ ಕವಾಟ ಬೇಕು. ಆಮ್ಲಜನಕದ ತಿರುಪಿಗೆ ಎಣ್ಣೆ, ಗ್ರೀಸ್ ಸೋಕಿಸಿದರೆ ಅದೇ ಹೊತ್ತಿಕೊಂಡೀತು. ಮೇಜಿನ ಬರ್ನರ್ ಹಚ್ಚುವಾಗ ಮೊದಲು ಗ್ಯಾಸ್, ಆಮೇಲೆ ಆಮ್ಲಜನಕ. ಆರಿಸುವಾಗ ಮೊದಲು ಆಮ್ಲಜನಕ, ಕೊನೆಗೆ ಗ್ಯಾಸ್. ಹೊಗೆ ಹೀರಿ ಹೊರಹಾಕುವ ಫ್ಯಾನ್ ಇಲ್ಲದ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ. ಬಿಸಿ ಗಾಜಿನಿಂದ ಹೊಮ್ಮುವ ಸೋಡಿಯಂನ ಹಳದಿ ಬೆಳಕನ್ನೂ ಅವಗೆಂಪು ಕಿರಣಗಳನ್ನೂ ತಡೆಯುವ ಕನ್ನಡಕ ಬೇರೆ ಇದೆ, ಬಿಸಿಲಿಗೆ ಹಾಕುವ ಕರಿ ಕನ್ನಡಕ ಆಗದು.

ಕೊಳ್ಳುವ ಮುನ್ನ ಒಂದೆರಡು ವಾರ ಬೇರೆಯವರ ಬರ್ನರಿನ ಮುಂದೆ ಕೂರಲು ಸಾಧ್ಯವಾದರೆ ಒಳ್ಳೆಯದು. ಪ್ರಯೋಗಶಾಲೆಗಳಿಗೆ ಗಾಜಿನ ಉಪಕರಣ ಮಾಡಿಕೊಡುವ ಕುಶಲಕರ್ಮಿಗಳು ದೊಡ್ಡ ಊರುಗಳಲ್ಲಿ ಸಿಗುತ್ತಾರೆ. ಅಮೆರಿಕದ ನ್ಯೂಜೆರ್ಸಿಯ ಸೇಲಂ ಕಮ್ಯುನಿಟಿ ಕಾಲೇಜಿನಲ್ಲಿ ಇದೇ ವಿದ್ಯೆಗೆ ಪದವಿ ತರಗತಿಯಿದೆ. ಗಾಜಿನೊಳಗೆ ಹೂ ಅರಳಿಸುವ ಪೇಪರ್‌ವೇಟ್‌ಗಳಿಂದ ಪ್ರಸಿದ್ಧರಾದ ಪಾಲ್ ಸ್ಟ್ಯಾಂಕರ್ಡ್ ಅಲ್ಲಿ ಕಲಿತದ್ದು ಪ್ರಯೋಗಶಾಲೆಯ ಉಪಕರಣ ಮಾಡುವ ಕಸುಬನ್ನೇ.

ಬರ್ನರಿಗೆಂದು ತೆಗೆದಿಟ್ಟ ಹಣವನ್ನೆಲ್ಲ ಬರ್ನರಿಗೇ ಸುರಿಯುವಂತಿಲ್ಲ. ಮುಗಿದ ಶಿಲ್ಪವನ್ನು ಸುಮಾರು 560 ಡಿಗ್ರಿಯಲ್ಲಿಟ್ಟು ನಿಧಾನವಾಗಿ ಆರಿಸಲು ಚಿಕ್ಕದೊಂದು ವಿದ್ಯುತ್ ಕುಲುಮೆಯೂ ಬೇಕು. ಅದಿಲ್ಲದಿದ್ದರೆ ಇಂದು ಮೇಜಿನ ಮೇಲೆ ಹೊಳೆಯುತ್ತಿದ್ದ ಕುದುರೆ, ಯಾರೂ ಮುಟ್ಟದಿದ್ದರೂ, ಮೂರನೇ ದಿನ ಕಾಲು ಮುರಿದುಕೊಂಡು ಬಿದ್ದಿರಬಹುದು.