“ನಿನಗೆ ಯಾರು ಹೇಳಿದರು?”

ನಮಗೆ ಪರಿಚಿತರಾದ ಜವಳಿ ವ್ಯಾಪಾರಿಗಳೊಬ್ಬರ ಅಂಗಡಿಯಲ್ಲಿ ಕಳೆದ ಮಳೆಗಾಲದಲ್ಲಿ ನಡೆದ ಸಂಗತಿಯಿದು. ಯಜಮಾನರು ಊಟಕ್ಕೆ ಹೋಗಿದ್ದಾಗ ಮಾಡು ಸೋರಲಾರಂಭಿಸಿತು. ಅಲ್ಲಿದ್ದ ತರುಣ ನೌಕರನು ಸೀರೆಯ ಗಂಟುಗಳನ್ನೆಲ್ಲ ಒಳಗಣ ಕಪಾಟಿಗೆ ಸಾಗಿಸಿದನು. ಅವಸರದಲ್ಲಿ ರೇಷ್ಮೆಯೂ ನೂಲೂ ಬೆರೆತುಹೋದವು. ಹಿಂದಿರುಗಿದ ಯಜಮಾನರ ಮೊದಲ ಮಾತು: “ಇದನ್ನೆಲ್ಲ ಮಾಡೆಂದು ನಿನಗೆ ಯಾರು ಹೇಳಿದರು?” ಹದಿನೈದು ದಿನಗಳ ತರುವಾಯ ಮಾಡು ಪುನಃ ಸೋರಿತು. ತರುಣನು ಕೈಕಟ್ಟಿ ನಿಂತಿದ್ದನು. ಕೇಳಿದರೆ, “ತಾವು ಹೇಳಿರಲಿಲ್ಲ, ಸ್ವಾಮಿ” ಎಂದನು. ಹನ್ನೆರಡು ಸೀರೆಗಳು ನೆನೆದವು.

“ಈಗಿನ ನೌಕರರಿಗೆ ಸ್ವಬುದ್ಧಿಯೇ ಇಲ್ಲ” ಎಂದು ಆ ಮಹನೀಯರು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನೊಂದುಕೊಂಡರು. ಇದ್ದ ಸ್ವಬುದ್ಧಿಯನ್ನು ತಾವೇ ಅಡಗಿಸಿದಿರೆಂದು ಮುಖದ ಮೇಲೆ ಹೇಳಲು ನಮಗೆ ಬಾಯಿ ಬರಲಿಲ್ಲ. ಬದಲಾಗಿ ಅಮೆರಿಕೆಯ ಒಂದು ವೃತ್ತಾಂತವನ್ನು ಹೇಳಿದೆವು. ಅದು ವಾಚಕರಿಗೂ ರುಚಿಸಬಹುದು.

ಮಿನ್ನೆಸೋಟಾ ಪ್ರಾಂತದಲ್ಲಿ 1902ರಲ್ಲಿ ಹುಟ್ಟಿದ, ಈಗ 3ಎಂ ಎಂದು ಪ್ರಸಿದ್ಧವಾದ ಕಂಪನಿಯು ಮೊದಲಿಗೆ ಮರವನ್ನು ನಯಮಾಡುವ ಮರಳುಕಾಗದವನ್ನು ತಯಾರಿಸುತ್ತಿತ್ತು. ಅಲ್ಲಿಗೆ 1921ರಲ್ಲಿ ರಿಚರ್ಡ್ ಡ್ರೂ ಎಂಬ ತರುಣನು ಪ್ರಯೋಗಶಾಲೆಯ ಸಹಾಯಕನಾಗಿ ಸೇರಿದನು. ಕಾಲೇಜನ್ನು ನಡುವೆಯೇ ಬಿಟ್ಟವನು. ನಾಟ್ಯಮೇಳಗಳಲ್ಲಿ ಬ್ಯಾಂಜೊ ನುಡಿಸಿ ಹೊಟ್ಟೆ ಹೊರೆದವನು. ಮರಳುಕಾಗದದ ಮಾದರಿಯನ್ನು ಹಿಡಿದು ಮೋಟಾರು ಕಾರಿಗೆ ಬಣ್ಣ ಹಚ್ಚುವವರಲ್ಲಿಗೆ ಹೋದಾಗ, ಅವರು ಎರಡು ಬಣ್ಣಗಳ ನಡುವಣ ಗೆರೆ ನೇರವಾಗಿ ಬರದೆ ಹಿಡಿಶಾಪ ಹಾಕುತ್ತಿದ್ದುದನ್ನು ಕಂಡನು. ಅಂಟಿಸಿದ ಕಾಗದವನ್ನು ಕಿತ್ತರೆ ಬಣ್ಣವೂ ಕಿತ್ತುಬರುತ್ತಿತ್ತು. ಬಣ್ಣ ಕೀಳದಂಥ ಅಂಟುಪಟ್ಟಿಯನ್ನು ತಾನು ಮಾಡಿಕೊಡುವೆನೆಂದು ಅವನು ಯಾರನ್ನೂ ಕೇಳದೆ ಮಾತು ಕೊಟ್ಟುಬಿಟ್ಟನು!

ಕಂಪನಿಯ ಆಡಳಿತವನ್ನು ನಡೆಸುತ್ತಿದ್ದ ವಿಲಿಯಂ ಮ್ಯಾಕ್‌ನೈಟ್, ಅದನ್ನು ಬಿಟ್ಟು ನಿನ್ನ ಕೆಲಸ ನೋಡು ಎಂದು ಆಜ್ಞೆ ಮಾಡಿದನು. ಡ್ರೂ ಕೆಲಕಾಲ ಸುಮ್ಮನಿದ್ದು ಮತ್ತೆ ಆರಂಭಿಸಿದನು. ಒಂದು ಯಂತ್ರಕ್ಕಾಗಿ ಹಣ ಕೇಳಿದರೆ ಅದೂ ದೊರೆಯಲಿಲ್ಲ. ಅಪ್ಪಣೆಯಿಲ್ಲದೆ 100 ಡಾಲರಿನವರೆಗೆ ವೆಚ್ಚ ಮಾಡುವ ಅಧಿಕಾರ ಅವನಿಗಿತ್ತು. 99 ಡಾಲರಿನ ಬೇಡಿಕೆಪತ್ರಗಳನ್ನು ಒಂದರ ಮೇಲೊಂದು ಬರೆದು ಯಂತ್ರವನ್ನು ತರಿಸಿದನೆಂದು ಹೇಳುತ್ತಾರೆ. ಇದು ಕಪಟವಲ್ಲವೆ? ಸ್ವಲ್ಪಮಟ್ಟಿಗೆ ಹೌದು, ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಸಂಗತಿ ತಿಳಿದ ಮೇಲೂ ಮ್ಯಾಕ್‌ನೈಟ್ ಅವನನ್ನು ಹೊರಗಟ್ಟಲಿಲ್ಲ. 1925ರಲ್ಲಿ ಅಂಟುಪಟ್ಟಿ ಸಿದ್ಧವಾಯಿತು. 1930ರಲ್ಲಿ ಅದೇ ಡ್ರೂವಿನ ಕೈಯಿಂದ ಪಾರದರ್ಶಕ ಪಟ್ಟಿ ಹೊರಬಂದಿತು. ಹರಿದ ಪುಸ್ತಕಕ್ಕೆ ನಮ್ಮ ಮಕ್ಕಳು ಅಂಟಿಸುವುದು ಅದರ ಸಂತತಿಯನ್ನೇ.

ನಮ್ಮ ಮನಸ್ಸು ನಿಲ್ಲುವುದು ಡ್ರೂವಿನ ಮೇಲಲ್ಲ, ಮ್ಯಾಕ್‌ನೈಟನ ಮೇಲೆ. ತಾನು ಬೇಡವೆಂದುದು ಫಲಿಸಿದಾಗ ಯಜಮಾನನಿಗೆ ಆಗುವ ಮುಖಭಂಗವು ಸಾಮಾನ್ಯವೆ? ಅವನು ಅದನ್ನು ನುಂಗಿಕೊಂಡು ಪಾಠ ಕಲಿತನು. ಕೆಲಸಗಾರರು ತಪ್ಪುವರು ನಿಜ. ಆದರೆ ಪ್ರತಿಯೊಂದನ್ನೂ ಹೀಗೆಯೇ ಮಾಡೆಂದು ಮೇಲಿನವರು ಕಟ್ಟಳೆ ಹಾಕುವುದು ಅದಕ್ಕಿಂತ ದೊಡ್ಡ ತಪ್ಪು ಎಂಬ ಭಾವವನ್ನು 1948ರಲ್ಲಿ ಅವನೇ ತನ್ನ ಆಡಳಿತನೀತಿಯಾಗಿ ಬರೆದಿಟ್ಟನು. ನೌಕರರು ತಮ್ಮ ವೇಳೆಯಲ್ಲಿ ನೂರಕ್ಕೆ 15 ಪಾಲನ್ನು ಸ್ವಂತ ಕಲ್ಪನೆಗಳಿಗೆ ಉಪಯೋಗಿಸಬಹುದೆಂಬ ಪದ್ಧತಿಯೂ ಆ ಕಂಪನಿಯಲ್ಲಿ ಬೆಳೆಯಿತು.

ಜಪಾನಿನ ಟೊಯೊಟಾ ಕಾರ್ಖಾನೆಗಳಲ್ಲಿಯೂ, ದೋಷ ಕಂಡ ಸಾಮಾನ್ಯ ಕೆಲಸಗಾರನು ಒಂದು ಹಗ್ಗವನ್ನೆಳೆದು ಮೇಲ್ವಿಚಾರಕನನ್ನು ಕರೆಯಬಹುದು, ಅಗತ್ಯವಾದರೆ ಇಡೀ ಸಾಲಿನ ಕೆಲಸವನ್ನೇ ನಿಲ್ಲಿಸಬಹುದು. ನಮ್ಮಲ್ಲಿ ಎಷ್ಟು ಮಂದಿ ಯಜಮಾನರು ಅಂಥ ಹಗ್ಗವನ್ನು ಕೈಗೆ ಕೊಟ್ಟಾರು?

ಇಷ್ಟನ್ನೂ ಕೇಳಿದ ವ್ಯಾಪಾರಿಗಳು, “ಅದೆಲ್ಲ ದೊಡ್ಡ ಕಾರ್ಖಾನೆಗಳ ಮಾತು, ನಷ್ಟವಾದರೆ ನನಗೆ ಕೊಡುವವರಾರು?” ಎಂದರು. ನ್ಯಾಯವಾದ ಪ್ರಶ್ನೆ. ಮಿತಿಯಿಲ್ಲದ ಸ್ವಾತಂತ್ರ್ಯವನ್ನು ನಾವೂ ಕೇಳುತ್ತಿಲ್ಲ. ಹೋದರೂ ನಿದ್ದೆಗೆಡದಷ್ಟು ಮೊತ್ತವೊಂದನ್ನು ಗೊತ್ತುಮಾಡಿ, ಅದರೊಳಗೆ ಅವನು ಕೇಳದೆ ಮಾಡಿದುದಕ್ಕೆ ಗದರಿಸುವುದಿಲ್ಲವೆಂದು ಮೊದಲೇ ಹೇಳಿಬಿಡಿರಿ ಎಂದೆವು. ಬಹಳ ಹೊತ್ತು ಯೋಚಿಸಿ ಐದುನೂರು ರೂಪಾಯಿಗೆ ಒಪ್ಪಿದರು.

ಮೊನ್ನೆ ಅಂಗಡಿಗೆ ಹೋಗಿದ್ದೆವು. ತರುಣನು ಆ ಹಣದಲ್ಲಿ ಒಂದು ತಾಡಪಾಲನ್ನು ಕೊಂಡು ತಂದಿದ್ದಾನೆ. ಅದರ ಬಣ್ಣ ಯಜಮಾನರಿಗೆ ಕಿಂಚಿತ್ತೂ ಹಿಡಿಸಿಲ್ಲವೆಂಬುದು ಅವರ ಮುಖದಲ್ಲಿಯೇ ತಿಳಿಯುತ್ತಿತ್ತು. ಆದರೆ ನಾವಿದ್ದಷ್ಟು ಹೊತ್ತೂ ಅವರು ಆ ಮಾತನ್ನೆತ್ತಲಿಲ್ಲ.