ಹುಳ ಎಣಿಸೋ ಇಂಜಿನಿಯರು

ಅರಕಲಗೂಡಿನ ಹತ್ತಿರ ನಮ್ಮ ತೋಟದಲ್ಲಿ ರಾತ್ರಿ ಬಿಳಿ ಪಂಚೆ ಕಟ್ಟಿ, ಲೈಟು ಹಾಕಿ, ಬಂದು ಕೂತ ಪತಂಗಗಳ ಫೋಟೋ ತೆಗೆದು ತಾರೀಖು ಬರೆದಿಡ್ತೀನಿ. 'ಇಂಜಿನಿಯರಿಂಗ್ ಓದಿ ಹುಳ ಎಣಿಸ್ತೀಯಲ್ಲೋ' ಅಂತ ದೊಡ್ಡಪ್ಪನ ಗೊಣಗಾಟ. ಅವರ ಹೊಲದಲ್ಲೂ ದೀಪದ ಬಲೆ ಇದೆ. ಕೆಳಗೆ ಸೀಮೆಎಣ್ಣೆ ನೀರಿನ ಬೇಸಿನ್ನು. ಬೆಳಿಗ್ಗೆ ಪೀಡೆಯೂ ತಿಪ್ಪೆಗೆ, ಪಾಪದ್ದೂ ತಿಪ್ಪೆಗೆ!

2018ರಲ್ಲಿ ಭಾರತದಲ್ಲೇ ಮೊದಲು ಕರ್ನಾಟಕದ ಮುಸುಕಿನ ಜೋಳದಲ್ಲಿ ಸಿಕ್ತಲ್ಲ ಅಮೆರಿಕದ ಸೈನಿಕ ಹುಳು, ಅದೂ ಪತಂಗದ ಮರಿಯೇ ಸ್ವಾಮಿ. ನಮ್ಮ ಹೊಲಕ್ಕೆ ಯಾವಾಗ ಬಂತು? 'ಸುಳಿ ತಿಂದ ಮೇಲೆ ಗೊತ್ತಾಯ್ತು' ಅಂತಾರೆ ದೊಡ್ಡಪ್ಪ. ದಿನಾ ಬೇಸಿನ್ ಸುರಿದವರಿಗೇ ಗೊತ್ತಿಲ್ಲ!

ಕೊಲ್ಲೋದಾದ್ರೂ ಹೆಸರು ಕೇಳಿ ಕೊಲ್ಲಿ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯೋರೇ, ಊರಿಗೆ ಹೋದಾಗ ನೀವೂ ಒಂದು ಪಂಚೆ ಕಟ್ಟಿ. (ಎಲ್‌ಇಡಿಗೆ ಅಷ್ಟಾಗಿ ಬರಲ್ಲ, ಹಳೇ ಟ್ಯೂಬ್‌ಲೈಟೇ ವಾಸಿ.)